ಮನೆಯಲ್ಲೇ ಸಾಕುನಾಯಿಯ ಬುದ್ಧಿಮತ್ತೆಯನ್ನು ಪರೀಕ್ಷಿಸುವುದು ಹೇಗೆ?

ನಾಯಿಯ ಜಾಣತನವನ್ನು ಒಂದೇ ಅಂಕದಲ್ಲಿ ಅಳೆಯಲಾಗದು. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ಅದನ್ನು ತಳಿಸಹಜವಾದದ್ದು, ತಾನೇ ಸಮಸ್ಯೆ ಬಿಡಿಸಿಕೊಳ್ಳುವಂಥದ್ದು, ಕಲಿಸಿದ್ದನ್ನು ಪಾಲಿಸುವಂಥದ್ದು ಎಂದು ಮೂರಾಗಿ ವಿಂಗಡಿಸಿದ್ದಾರೆ. ಮನೆಯಲ್ಲಿ ನೋಡಲು ಎರಡನೆಯದೇ ಅನುಕೂಲ. ನಾಯಿ ನೋಡುತ್ತಿರುವಂತೆಯೇ ಒಂದೇ ಬಗೆಯ ಎರಡು ಲೋಟಗಳನ್ನು ಬೋರಲು ಹಾಕಿ, ಒಂದರ ಕೆಳಗೆ ತಿನಿಸಿಟ್ಟು, ಅರ್ಧ ನಿಮಿಷ ನಾಯಿಯನ್ನು ಬೇರೆಡೆಗೆ ತಿರುಗಿಸಿ ಹಿಡಿದು ಬಿಟ್ಟಾಗ, ಸರಿಯಾದ ಲೋಟಕ್ಕೇ ನೇರವಾಗಿ ಹೋಗಿ ಮೂತಿ ತಾಗಿಸುತ್ತದೆಯೇ ಎಂಬುದು ಅದರ ನೆನಪಿನ ಅಳತೆ. ಆದರೆ ವಾಸನೆ ಹಿಡಿದು ಹೋಗುವ ಸಾಧ್ಯತೆಯಿರುವುದರಿಂದ ಎರಡೂ ಲೋಟಗಳ ಒಳಬದಿಗೆ ಅದೇ ತಿನಿಸನ್ನು ಮೊದಲೇ ಸವರಿರಬೇಕು (ಬಹುತೇಕರು ಮರೆಯುವುದು ಇದನ್ನೇ). ಒಮ್ಮೆ ಸರಿಯಾದದ್ದು ಕಾಕತಾಳೀಯವೂ ಆಗಿರಬಹುದಾದ್ದರಿಂದ ಎಡಬಲ ಬದಲಿಸಿ ಹಲವು ಬಾರಿ ನೋಡಬೇಕು. ನಾಯಿಯ ತಲೆಯ ಮೇಲೆ ಹಗುರವಾದ ಟವೆಲ್ ಹೊದಿಸಿ, ಅದು ಎಷ್ಟು ಬೇಗ ಬಿಡಿಸಿಕೊಳ್ಳುತ್ತದೆಂದು ನೋಡುವ ಪರೀಕ್ಷೆಯೂ ಜನಪ್ರಿಯ, ಆದರೆ ಅದು ಬುದ್ಧಿಗಿಂತ ನಾಯಿಯ ಸ್ವಭಾವವನ್ನೇ ಹೆಚ್ಚಾಗಿ ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ.