778ರಿಂದ 800ಕ್ಕೆ: ಹಳೆಯ ಕಾರ್ಡನ್ನು ಮುಚ್ಚಬೇಡಿ

ನಮಸ್ಕಾರ. ನಿಮ್ಮ ಸಿಬಿಲ್ ಸ್ಕೋರ್ (ಸಾಲ ತೀರಿಸುವಲ್ಲಿ ನಿಮ್ಮ ವಿಶ್ವಾಸಾರ್ಹತೆ ತೋರಿಸುವ ಅಂಕ) 778 ಇದ್ದು, ಒಂದು ಕಂತೂ ತಪ್ಪಿಲ್ಲವೆಂದೂ, ಎರಡು ಲಕ್ಷ ರೂಪಾಯಿ ಮಿತಿಯ ಕ್ರೆಡಿಟ್ ಕಾರ್ಡಿನಲ್ಲಿ ತಿಂಗಳಿಗೆ 1,20,000 ಖರ್ಚಾಗುತ್ತದೆಂದೂ ತಿಳಿಸಿ, ಗೃಹಸಾಲದ ಅರ್ಜಿಗೆ ಮುನ್ನ 800 ದಾಟಲು ಬಳಸದ ಹಳೆಯ ಕಾರ್ಡನ್ನು ಮುಚ್ಚಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಮುಚ್ಚಬೇಡಿ. ಅದು ಹೋದರೆ ನಿಮ್ಮ ಒಟ್ಟು ಮಿತಿ ಕುಗ್ಗಿ, ಬಳಕೆಯ ಪ್ರಮಾಣ (ಮಿತಿಯಲ್ಲಿ ನೀವು ಬಳಸಿದ ಪಾಲು) ಇನ್ನಷ್ಟು ಹೆಚ್ಚಾಗಿ ಕಾಣುತ್ತದೆ.

ನಿಮ್ಮ ಸ್ಕೋರನ್ನು ಮೇಲೇರದಂತೆ ಹಿಡಿದಿಟ್ಟಿರುವುದು ಬಹುಶಃ ಈ ಬಳಕೆಯೇ. ನೀವು ಗಡುವಿನೊಳಗೆ ಪೂರ್ತಿ ಕಟ್ಟಿದರೂ, ಬ್ಯಾಂಕು ಸ್ಕೋರ್ ಲೆಕ್ಕಹಾಕುವ ಸಂಸ್ಥೆಯಾದ ಸಿಬಿಲ್‌ಗೆ ಮಾಹಿತಿ ಕಳುಹಿಸುವ ಹೊತ್ತಿಗೆ ಬಾಕಿ 1,20,000 ಇದ್ದರೆ, ಆ ಕಾರ್ಡಿನಲ್ಲಿ ಶೇಕಡಾ 60ರಷ್ಟು ಬಳಕೆಯೆಂದೇ ದಾಖಲಾಗುತ್ತದೆ. ಆದ್ದರಿಂದ ಬಿಲ್ಲಿಗಾಗಿ ಕಾಯದೆ ತಿಂಗಳ ನಡುವೆಯೇ ಹಣ ಕಟ್ಟುತ್ತಾ, ಬಾಕಿಯನ್ನು 40,000ದ ಆಸುಪಾಸಿನಲ್ಲಿ ಇರಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ನೀಡಬೇಕಾಗಿರುವುದರಿಂದ, ಈ ಬದಲಾವಣೆ ಮೊದಲಿಗಿಂತ ಬೇಗ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ.

ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಪೂರ್ಣ ಸಿಬಿಲ್ ವರದಿಯನ್ನೂ ತರಿಸಿ ನೋಡಿ. ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ತೀರಿಸಿದ ಸಾಲವೇನಾದರೂ ಇನ್ನೂ ಚಾಲ್ತಿಯಲ್ಲಿದೆಯೆಂದು ಅದರಲ್ಲಿದ್ದರೆ ಕೂಡಲೇ ದೂರು ದಾಖಲಿಸಿ. 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಕ್ಕೆ ನೀವು ಅರ್ಹರು. ಗೃಹಸಾಲ ಮಂಜೂರಾಗುವ ತನಕ ಹೊಸ ಕಾರ್ಡಿಗೋ ವೈಯಕ್ತಿಕ ಸಾಲಕ್ಕೋ ಅರ್ಜಿ ಹಾಕಬೇಡಿ.

ಇಷ್ಟಾದರೂ 800ರ ಹಟಕ್ಕೆ ಮನೆ ಖರೀದಿಯನ್ನು ಮುಂದೂಡುವುದು ನನಗೆ ಸರಿಯೆನಿಸುವುದಿಲ್ಲ. ಯಾವ ಸ್ಕೋರಿಗೆ ಯಾವ ಬಡ್ಡಿ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗಿರುವುದರಿಂದ, 778ಕ್ಕೆ ಎಷ್ಟು ದರ ಕೊಡುತ್ತಾರೆಂದು ನಿಮ್ಮ ಶಾಖೆಯಲ್ಲಿ ಮೊದಲು ವಿಚಾರಿಸಿ.