ತಲೆಮರೆಸಿಕೊಂಡವ್ರಿಗೆ ಸಣ್ಣ ಊರು ನಿಜಕ್ಕೂ ಸೇಫಾ?

ಥ್ರಿಲ್ಲರ್‌ಗಳಲ್ಲಿ ತೋರಿಸೋ ಅಷ್ಟು ಸೇಫ್ ಅಲ್ಲ. ಪೊಲೀಸ್ರು ಕಮ್ಮಿ ಇರ್ತಾರೆ ನಿಜ, ಆದ್ರೆ ಹೊಸ ಮುಖ ಕಂಡ್ರೆ ಯಾರ ಮನೆ ಕಡೆಯವ್ರು ಅಂತ ವಿಚಾರಿಸೋರು ಜಾಸ್ತಿ. ಕಾಡಲ್ಲಿ ಅಡಗಿದ್ರೂ ಹೊಟ್ಟೆ ಕೇಳಲ್ಲ, ಊಟಕ್ಕೆ ಊರಿಗೇ ಬರ್ಬೇಕು.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬಾಂಬ್ ಇಟ್ಟ ಎರಿಕ್ ರುಡಾಲ್ಫ್‌ನ ನೋಡಿ, 1998ರಿಂದ ನಾರ್ತ್ ಕೆರೊಲಿನಾದ ಬೆಟ್ಟಕಾಡಲ್ಲಿ ಐದು ವರ್ಷ ಎಫ್‌ಬಿಐಗೂ ಸಿಕ್ಕಿರ್ಲಿಲ್ಲ, ತಲೆ ಮೇಲೆ 10 ಲಕ್ಷ ಡಾಲರ್ ಬಹುಮಾನ ಇತ್ತು, ಕೊನೆಗೆ 2003ರ ಮೇ 31ರ ನಸುಕಿಗೆ ಮರ್ಫಿ ಅನ್ನೋ ಪುಟ್ಟ ಊರಲ್ಲಿ ದಿನಸಿ ಅಂಗಡಿ ಹಿಂದೆ, ಕಸದ ತೊಟ್ಟಿಯಲ್ಲಿ ತಿನ್ನೋಕೆ ಏನಾದ್ರೂ ಸಿಗುತ್ತಾ ಅಂತ ಬಂದು ಸಿಕ್ಕಿಬಿದ್ದ. ಹಿಡಿದಿದ್ದು 21 ವರ್ಷದ ಹೊಸ ಪೊಲೀಸ್ ಹುಡುಗ, ಅವ್ನು ಯಾರೋ ಅಂಗಡಿ ಕಳ್ಳ ಅಂದ್ಕೊಂಡಿದ್ದ ಅಷ್ಟೇ.