ದೊಡ್ಡಮ್ಮನಿಗೆ ಮೊದಲ ಕಂಪ್ಯೂಟರ್: ಯಾವುದು ಕೊಡಿಸಲಿ?

ಪ್ರಶ್ನೆ: ನನ್ನ ದೊಡ್ಡಮ್ಮನಿಗೆ 74 ವರ್ಷ. ಇದುವರೆಗೆ ಕಂಪ್ಯೂಟರ್ ಮುಟ್ಟಿದವರಲ್ಲ. ಈಗ ಅವರಾಗಿಯೇ ಬೇಕು ಅನ್ನುತ್ತಿದ್ದಾರೆ. ಮೊಮ್ಮಕ್ಕಳ ಜೊತೆ ವಿಡಿಯೊ ಕಾಲ್ ಮಾಡಬೇಕು, ಪತ್ರಿಕೆ ಓದಬೇಕು, ಹಳೆಯ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟ ನೆನಪುಗಳನ್ನು ಟೈಪ್ ಮಾಡಬೇಕು ಅನ್ನೋದು ಅವರ ಆಸೆ. ಬೈಫೋಕಲ್ ಕನ್ನಡಕ ಇದೆ, ಕೈ ಸ್ವಲ್ಪ ನಡುಗುತ್ತದೆ. ನನ್ನ ಹತ್ತಿರ ಹಣ ಜಾಸ್ತಿ ಇಲ್ಲ. ಟ್ಯಾಬ್ಲೆಟ್ ಸಾಕಾ, ಲ್ಯಾಪ್‌ಟಾಪೇ ಬೇಕಾ? ಸೆಕೆಂಡ್ ಹ್ಯಾಂಡ್ ತಗೊಂಡರೆ ತಪ್ಪಾ?

ಉತ್ತರ: ಅವರಾಗಿಯೇ ಕೇಳಿದ್ದಾರೆ ಅಂದಿರಲ್ಲ, ಅರ್ಧ ಕೆಲಸ ಆಗಿಹೋಯಿತು. ನಾವು ಬಲವಂತವಾಗಿ ಕೊಡಿಸಿದ ಕಂಪ್ಯೂಟರ್‌ಗಳು ಮೂಲೆ ಸೇರುವುದೇ ಹೆಚ್ಚು.

ಅವರ ಮೂರು ಆಸೆಗಳಲ್ಲಿ ಟೈಪಿಂಗ್ ಒಂದೇ ಇದನ್ನು ತೀರ್ಮಾನ ಮಾಡುತ್ತದೆ. ವಿಡಿಯೊ ಕಾಲ್‌ಗೂ ಪತ್ರಿಕೆಗೂ ಟ್ಯಾಬ್ಲೆಟ್ ಧಾರಾಳವಾಗಿ ಸಾಕು. ಆದರೆ ನೋಟ್‌ಬುಕ್‌ಗಟ್ಟಲೆ ಬರಹವನ್ನು ನಡುಗುವ ಬೆರಳಿನಿಂದ ಗಾಜಿನ ಮೇಲೆ ಒತ್ತುವುದು ಆಗದ ಮಾತು. ನಿಜವಾದ ಕೀಬೋರ್ಡ್ ಬೇಕೇ ಬೇಕು.

ಅವರು ಒಂದೇ ಮೇಜಿನ ಮುಂದೆ ಕೂರುವವರಾದರೆ ನಾನು ಲ್ಯಾಪ್‌ಟಾಪ್‌ಗಿಂತ ಡೆಸ್ಕ್‌ಟಾಪ್ ಅನ್ನೇ ಕೊಡಿಸುತ್ತೇನೆ. 22 ಅಥವಾ 24 ಇಂಚಿನ ಪರದೆ, ಅದರಿಂದ ಬೇರೆಯಾಗಿ ಇಡಬಹುದಾದ ದೊಡ್ಡ ಕೀಬೋರ್ಡ್, ಕೈತುಂಬ ಹಿಡಿಯುವ ಮೌಸ್. ಬೈಫೋಕಲ್ ಹಾಕುವವರು ಹತ್ತಿರದ್ದನ್ನು ಗಾಜಿನ ಕೆಳಭಾಗದಿಂದ ಓದುತ್ತಾರೆ, ಅಲ್ವಾ? ಪರದೆ ಎತ್ತರದಲ್ಲಿದ್ದರೆ ಗಲ್ಲ ಮೇಲೆತ್ತಿಯೇ ಓದಬೇಕು, ಅರ್ಧ ಗಂಟೆಯಲ್ಲಿ ಕತ್ತು ನೋವು ಶುರು. ಹಾಗಾಗಿ ಪರದೆಯನ್ನು ತಗ್ಗಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿಡಿ. ಒಂದು ಮಾತು ಮರೆಯಬೇಡಿ: ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಕ್ಯಾಮೆರಾ, ಮೈಕ್ ಇರುವುದಿಲ್ಲ. ಮೈಕ್ ಇರುವ ಒಂದು ವೆಬ್‌ಕ್ಯಾಮ್ ತಗೊಳ್ಳಬೇಕಾಗುತ್ತದೆ.

ಮನೆಯೊಳಗೆ ಅಲ್ಲಿ ಇಲ್ಲಿ ಒಯ್ಯಬೇಕು ಅಂದರೆ 15.6 ಇಂಚಿನ ಲ್ಯಾಪ್‌ಟಾಪ್ ಸರಿ. ಆಗಲೂ ಜೊತೆಗೊಂದು ಮೌಸ್ ಇರಲಿ. ನಡುಗುವ ಕೈಗೆ ಟಚ್‌ಪ್ಯಾಡ್ ಬಹಳ ಕಷ್ಟ.

ಇನ್ನು ಹಣದ ಮಾತು. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಬರುವ, ಅದಕ್ಕಿಂತ ವೇಗದ ಡಿಸ್ಕ್) ಇರಬೇಕು, 8 ಜಿಬಿ ರ‍್ಯಾಮ್ ಇರಬೇಕು, ಪರದೆಯ ರೆಸಲ್ಯೂಷನ್ 1920×1080 ಇರಬೇಕು. ಇವು ಮೂರಕ್ಕೆ ಹಣ ಹಾಕಿ. ದುಬಾರಿ ಪ್ರೊಸೆಸರ್, ಗೇಮಿಂಗ್‌ನ ಗ್ರಾಫಿಕ್ಸ್ ಕಾರ್ಡ್ ಇವರಿಗೆ ಏನೂ ಉಪಯೋಗ ಇಲ್ಲ. ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ಮಾತ್ರ ಬೇಡ. ಅದು ನಿಧಾನವಾದಾಗ ಹಿರಿಯರು ಕಂಪ್ಯೂಟರನ್ನು ಬೈಯುವುದಿಲ್ಲ, ‘ನಾನೇ ಏನೋ ಹಾಳು ಮಾಡಿದೆ’ ಅಂದುಕೊಂಡು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ತುಂಬಾ ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿಗಿಂತ ನಿಧಾನದ ಡಿಸ್ಕ್) ಅಂತ ಬರೆದಿರುತ್ತದೆ, ಅದನ್ನೂ ಬಿಟ್ಟುಬಿಡಿ. ವಿಂಡೋಸ್ ಅಪ್‌ಡೇಟ್‌ಗಳಿಗೇ ಜಾಗ ಸಾಲದೆ ಒದ್ದಾಡಿಸುತ್ತದೆ.

ಸೆಕೆಂಡ್ ಹ್ಯಾಂಡ್ ಖಂಡಿತ ತಪ್ಪಲ್ಲ. ಕಚೇರಿಗಳಲ್ಲಿ ಬಳಸಿ ಹೊರಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ನಂಥವು ಅದೇ ಬೆಲೆಯ ಹೊಸ ಲ್ಯಾಪ್‌ಟಾಪ್‌ಗಿಂತ ಗಟ್ಟಿ, ಕೀಬೋರ್ಡ್ ಕೂಡ ಚೆನ್ನಾಗಿರುತ್ತದೆ. ಆದರೆ ವಿಂಡೋಸ್ 11 ಅಧಿಕೃತವಾಗಿ ನಡೆಯುವಂಥದ್ದೇ ಬೇಕು. ಇಂಟೆಲ್ ಪ್ರೊಸೆಸರ್ ಆದರೆ 8ನೇ ಜನರೇಷನ್ ಅಥವಾ ಆಮೇಲಿನದು. ಮಾರುವವರ ಮಾತು ನಂಬಿ ಸುಮ್ನೆ ಬರಬೇಡಿ, ಕಂಪ್ಯೂಟರ್ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಡಿಸ್ಕ್ ಎಸ್‌ಎಸ್‌ಡಿಯೋ ಅಲ್ಲವೋ ಎಲ್ಲ ಕಾಣುತ್ತದೆ. ಕ್ಯಾಮೆರಾ ತೆರೆದು ನಿಮ್ಮ ಮುಖ ನೋಡಿಕೊಳ್ಳಿ, ಒಂದೊಂದೇ ಕೀ ಒತ್ತಿ ನೋಡಿ.

ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್) ಬಗ್ಗೆಯೂ ಕೆಲವರು ಹೇಳಬಹುದು. ಸರಳ, ವೈರಸ್ ತಲೆನೋವು ಕಡಿಮೆ. ಆದರೆ ನೀವೇ ಅದನ್ನು ಬಳಸದಿದ್ದರೆ ಬೇಡ. ದೊಡ್ಡಮ್ಮ ‘ಏನೋ ಆಯ್ತು, ಏನು ಒತ್ತಲಿ?’ ಅಂತ ಫೋನ್ ಮಾಡಿದಾಗ ನಿಮ್ಮ ಕಣ್ಣ ಮುಂದೆಯೂ ಅದೇ ಪರದೆ ಇದ್ದರೆ ಮಾತ್ರ ಸಹಾಯ ಮಾಡಲು ಸಾಧ್ಯ. ಯಾವ ಕಂಪನಿ ಅನ್ನುವುದಕ್ಕಿಂತ ಇದು ದೊಡ್ಡ ವಿಷಯ.

ಕೊಟ್ಟ ದಿನವೇ ಕೆಲವು ಬದಲಾವಣೆ ಮಾಡಿಕೊಡಿ. ನನ್ನ ತಾಯಿ ಕಲಿಯಲು ಶುರು ಮಾಡಿದ ಮೊದಲ ವಾರ ‘ಬರೆದಿದ್ದೆಲ್ಲ ಹೋಯ್ತು’ ಅಂತ ಫೋನ್ ಮಾಡಿದರು. ದನಿಯಲ್ಲಿ ಅಳು. ಹೋಗಿ ಪಕ್ಕದಲ್ಲಿ ಕೂತು ‘ಹೇಗೆ ಓಪನ್ ಮಾಡಿದೆ, ತೋರಿಸಮ್ಮ’ ಅಂದೆ. ಡಬಲ್ ಕ್ಲಿಕ್ ಮಾಡುವಾಗ ಬೆರಳು ಮೌಸ್ ಗುಂಡಿಯ ಮೇಲೆ ಒತ್ತಿಕೊಂಡೇ ಇರುತ್ತಿತ್ತು, ಕೈ ಒಂದು ಚೂರು ಜರುಗುತ್ತಿತ್ತು. ಫೈಲ್ ಅದರ ಜೊತೆಗೇ ಜಾರಿ ಪಕ್ಕದ ಫೋಲ್ಡರ್ ಒಳಗೆ ಬೀಳುತ್ತಿತ್ತು. ಅಲ್ಲಿ ಹುಡುಕಿದರೆ ನಾಲ್ಕು ಫೈಲ್‌ಗಳೂ ಇದ್ದವು! ಫೈಲ್ ಎಕ್ಸ್‌ಪ್ಲೋರರ್‌ನ ಆಪ್ಷನ್ಸ್‌ನಲ್ಲಿ ಒಂದೇ ಕ್ಲಿಕ್‌ಗೆ ತೆರೆಯುವಂತೆ ಮಾಡಿಕೊಟ್ಟೆ. ಆಮೇಲೆ ಆ ತೊಂದರೆ ಬರಲಿಲ್ಲ. ನಿಮ್ಮ ದೊಡ್ಡಮ್ಮನಿಗೂ ಇದನ್ನೇ ಮೊದಲು ಮಾಡಿ. ಅಕ್ಷರ ದೊಡ್ಡದು ಮಾಡಿ, ಮೌಸ್‌ನ ವೇಗ ತಗ್ಗಿಸಿ. ಫಿಲ್ಟರ್ ಕೀಸ್ ಅನ್ನುವುದನ್ನು ಆನ್ ಮಾಡಿದರೆ, ಬೆರಳು ನಡುಗಿ ಒಂದೇ ಅಕ್ಷರ ಎರಡು ಮೂರು ಸಲ ಬೀಳುವುದು ಕಡಿಮೆಯಾಗುತ್ತದೆ.

ಕನ್ನಡ ಟೈಪಿಂಗ್‌ಗೆ ವಿಂಡೋಸ್‌ನಲ್ಲೇ ಫೋನೆಟಿಕ್ ಕೀಬೋರ್ಡ್ (ಇಂಗ್ಲಿಷ್ ಕೀಗಳಲ್ಲಿ ಉಚ್ಚಾರದಂತೆ ಒತ್ತಿದರೆ ಕನ್ನಡ ಮೂಡುವಂಥದ್ದು) ಇದೆ, ಬೇರೆ ಏನೂ ಕೊಳ್ಳಬೇಕಿಲ್ಲ. ಕೈ ಸೋತ ದಿನ ಕ್ರೋಮ್ ಬ್ರೌಸರ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ವಾಯ್ಸ್ ಟೈಪಿಂಗ್‌ನಲ್ಲಿ ಕನ್ನಡ ಆರಿಸಿ ಓದುತ್ತಾ ಹೋಗಲಿ, ಅದೇ ಬರೆದುಕೊಳ್ಳುತ್ತದೆ. ತಪ್ಪುಗಳು ಬರುತ್ತವೆ, ತಿದ್ದುವುದಕ್ಕೆ ಕೀಬೋರ್ಡ್ ಇದ್ದೇ ಇದೆ.

ಒಂದು ವಿಷಯದಲ್ಲಿ ದಯವಿಟ್ಟು ಸಡಿಲ ಬಿಡಬೇಡಿ. ಅವರಿಗೆ ಅಡ್ಮಿನ್ ಅಲ್ಲದ, ಅಂದರೆ ಕಂಪ್ಯೂಟರ್‌ನ ಮುಖ್ಯ ಸೆಟ್ಟಿಂಗ್‌ಗಳನ್ನು ಬದಲಿಸಲು ಆಗದ, ಸಾಧಾರಣ ಅಕೌಂಟ್ ಮಾಡಿಕೊಡಿ. ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರ್‌ಗೆ ಕರೆ ಮಾಡಿ’ ಅಂತ ಪರದೆ ತುಂಬ ಎಚ್ಚರಿಕೆ ಬಂದರೆ ಅದು ಮೋಸ. ಪವರ್ ಬಟನ್ ಅನ್ನು ಒತ್ತಿ ಹಿಡಿದು ಆಫ್ ಮಾಡಿ ನಿಮಗೆ ಫೋನ್ ಮಾಡಲಿ. ವಿಂಡೋಸ್‌ನ ಕ್ವಿಕ್ ಅಸಿಸ್ಟ್‌ನಲ್ಲಿ ನೀವು ಹೇಳಿದ ಕೋಡ್ ಅನ್ನು ಅವರು ಹಾಕಿದರೆ, ನೀವು ದೂರದಿಂದಲೇ ಅವರ ಪರದೆ ನೋಡಬಹುದು. ಮೋಸಗಾರರೂ ಇಂಥದ್ದನ್ನೇ ಬಳಸುತ್ತಾರೆ. ಅದಕ್ಕೇ ದೊಡ್ಡಮ್ಮನೇ ನಿಮಗೆ ಕರೆ ಮಾಡಿದಾಗ ಮಾತ್ರ ಕೋಡ್ ಹಾಕಬೇಕು, ಬೇರೆ ಯಾರು ಹೇಳಿದರೂ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ.

ಪ್ರಶ್ನೆ: ಮನೆಯಲ್ಲಿ 2016ರ ಲ್ಯಾಪ್‌ಟಾಪ್ ಇದೆ. ಇಂಟೆಲ್ 6ನೇ ಜನರೇಷನ್, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಆನ್ ಆಗಲು ಐದು ನಿಮಿಷ ಬೇಕು. ತಂದೆಗೆ ಕೊಡಬಹುದಾ?

ಉತ್ತರ: ಕೊಡಬಹುದು, ಹಾಗೇ ಕೊಡಬೇಡಿ. ಎಸ್‌ಎಸ್‌ಡಿ ಹಾಕಿಸಿ, ಜಾಗ ಇದ್ದರೆ ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿ. ಐದು ನಿಮಿಷದ ಕಾಯುವಿಕೆ ಅಲ್ಲಿಗೇ ಮುಗಿಯುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್ ಕೊಡುವುದು, 14 ಅಕ್ಟೋಬರ್ 2025ಕ್ಕೆ ನಿಂತಿದೆ, ನಿಮ್ಮ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ ಬದಲು, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ. ನೋಡಲು ಹಳೆಯ ವಿಂಡೋಸ್ ಥರವೇ ಇದೆ. ಮೊದಲು ಪೆನ್‌ಡ್ರೈವ್‌ನಿಂದಲೇ ಅದನ್ನು ನಡೆಸಿ, ವೈಫೈ, ಕ್ಯಾಮೆರಾ, ಸೌಂಡ್ ಸರಿಯಾಗಿವೆಯಾ ನೋಡಿ. ಹಳೆಯ ಫೋಟೊಗಳನ್ನು ಬೇರೆ ಕಡೆ ಕಾಪಿ ಮಾಡಿದ ಮೇಲೆ, ಇನ್ನೊಂದು ಕಂಪ್ಯೂಟರ್‌ನಲ್ಲಿ ಐದಾರನ್ನು ತೆರೆದು ನೋಡಿಯೇ ಹಳೆಯ ಡಿಸ್ಕ್ ಅಳಿಸಿ.